ಮಳೆಗೆ ಮೊದಲು ಬೈಕಿನ ಏರ್ ಫಿಲ್ಟರ್ ಒಮ್ಮೆ ಬಿಚ್ಚಿ ನೋಡಿ

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ಖಾಯಂ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವುದು, ಜಗಲಿಯ ಬದಿಯಲ್ಲಿ ಬೈಕಿನ ಏರ್ ಫಿಲ್ಟರ್ ಬಿಚ್ಚುವುದು. ಎರಡನ್ನೂ ಮಳೆ ಹಿಡಿಯುವ ಮೊದಲೇ ಮುಗಿಸಬೇಕು.

ಮಂಗಳೂರು, ಉಡುಪಿ ಕಡೆ ಬೇಸಿಗೆಯಿಡೀ ಮುರಕಲ್ಲಿನ ಕೆಂಪು ಧೂಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು, ಪಸೆ. ಧೂಳು ತುಂಬಿದ ಫಿಲ್ಟರ್ ಮಳೆಗಾಲದ ತೇವ ಎಳೆದುಕೊಂಡರೆ ಒಳಗೆ ಕೆಸರು ಮೆತ್ತಿದ ಹಾಗಾಗುತ್ತದೆ. ಆಮೇಲೆ ಎಷ್ಟು ತಟ್ಟಿದರೂ ಉದುರುವುದಿಲ್ಲ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 8,000ದಿಂದ 9,000 ಲೀಟರ್ ಗಾಳಿ ಬೇಕು. ಸಣ್ಣ ಬೈಕಿನಲ್ಲಿ ಉಡುಪಿಯಿಂದ ಮಂಗಳೂರಿಗೆ ಒಮ್ಮೆ ಬಂದರೆ ಹೆಚ್ಚು ಕಡಿಮೆ ಅಷ್ಟು ಗಾಳಿ ಆ ಅಂಗೈ ಅಗಲದ ಫಿಲ್ಟರ್ ಮೂಲಕವೇ ಹೋಗಬೇಕು. ಅದು ಕಟ್ಟಿಕೊಂಡರೆ ಎಂಜಿನ್‌ಗೆ ಉಸಿರು ಸಾಲುವುದಿಲ್ಲ. ಪಿಕಪ್ ಸತ್ತುಹೋಗುತ್ತದೆ, ಏರುದಾರಿಯಲ್ಲಿ ಗೇರ್ ಇಳಿಸಬೇಕಾಗುತ್ತದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಬೈಕಾದರೆ ಮೈಲೇಜ್ ಬೀಳುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. 2020ರ ನಂತರದ ಹೆಚ್ಚಿನ ಬಿಎಸ್‌6 (ಹೊಗೆ ಮಿತಿಯ ಮಾನದಂಡ) ಬೈಕುಗಳಲ್ಲಿ ಸೆನ್ಸರ್‌ಗಳು ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಹೊಂದಿಸಿಕೊಳ್ಳುವುದರಿಂದ ಮೈಲೇಜ್ ಅಷ್ಟಾಗಿ ಇಳಿಯದೆ ಇರಬಹುದು. ಹಾಗಂತ ಫಿಲ್ಟರ್ ಚೆನ್ನಾಗಿದೆ ಎಂದುಕೊಂಡು ಸುಮ್ನೆ ಕೂರಬೇಡಿ.

ಬಿಚ್ಚುವ ಮೊದಲು

ಎಂಜಿನ್ ತಣ್ಣಗಾಗಿರಲಿ. ಕೀ ತೆಗೆದು ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ. ಕೆಲವು ಬೈಕುಗಳಲ್ಲಿ ಫಿಲ್ಟರ್ ಸೈಡ್ ಕವರ್ ಹಿಂದೆ ಇರುತ್ತದೆ, ಕೆಲವದರಲ್ಲಿ ಸೀಟಿನ ಕೆಳಗೆ. ಸ್ಕೂಟರ್‌ಗಳಲ್ಲಿ ಹೆಚ್ಚಾಗಿ ಎಡಗಡೆ, ಹಿಂದಿನ ಚಕ್ರದ ಹತ್ತಿರದ ಕಪ್ಪು ಡಬ್ಬಿಯಲ್ಲಿ. ಡಬ್ಬಿಯ ಹೊರಗಿನ ಮಣ್ಣನ್ನು ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಅದೆಲ್ಲ ಒಳಗೆ ಬೀಳುತ್ತದೆ.

ಮಲ್ಪೆ, ಪಣಂಬೂರಿನ ಹಾಗೆ ಕಡಲ ಬದಿಯಲ್ಲಿ ಇರುವವರಿಗೆ ಉಪ್ಪು ಗಾಳಿಯಿಂದ ಸ್ಕ್ರೂ ತುಕ್ಕು ಹಿಡಿದಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಹೊಡೆದು ಹತ್ತು ನಿಮಿಷ ಬಿಡಿ. ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಒತ್ತಿ ಹಿಡಿದೇ ತಿರುಗಿಸಿ. ತಲೆ ಸವೆದರೆ ಮತ್ತೆ ಆ ಸ್ಕ್ರೂ ಬಿಚ್ಚುವುದು ದೊಡ್ಡ ರಗಳೆ. ಫಿಲ್ಟರ್ ಎಳೆಯುವ ಮೊದಲು ಅದು ಕೂತಿರುವ ರೀತಿಯ ಒಂದು ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ.

ನಿಮ್ಮದು ಯಾವ ಫಿಲ್ಟರ್?

ಇಡೀ ಕೆಲಸದಲ್ಲಿ ಮುಖ್ಯ ಪ್ರಶ್ನೆ ಇದೇ. ತೊಳೆಯಬಾರದ ಫಿಲ್ಟರ್ ತೊಳೆದು ಹಾಳು ಮಾಡಿಕೊಳ್ಳುವವರು ಬಹಳ ಜನ. ನಾನೂ ಹಾಗೆ ಮಾಡಿದವನು. ಮೊದಲ ಬೈಕಿನ ಕಾಗದದ ಫಿಲ್ಟರನ್ನು ಸೋಪಿನ ನೀರಲ್ಲಿ ಅದ್ದಿ ತೊಳೆದು ಬಿಸಿಲಿಗಿಟ್ಟಿದ್ದೆ. ನೋಡಲು ಹೊಸದರ ಹಾಗೇ ಆಗಿತ್ತು. ಆದರೆ ಮಡಿಕೆಗಳ ಅಂಚಿನಲ್ಲಿ ಅಂಟು ಬಿಟ್ಟಿತ್ತು, ಅದು ಕಣ್ಣಿಗೆ ಬೀಳಲಿಲ್ಲ. ಆ ಸಂದಿಯಿಂದ ಧೂಳು ನೇರ ಒಳಗೆ ಹೋಗಿ, ವರ್ಷ ತುಂಬುವುದರೊಳಗೆ ಬೈಕ್ ನೀಲಿ ಹೊಗೆ ಬಿಡತೊಡಗಿತು. ಪಿಸ್ಟನ್ ರಿಂಗ್ ಬದಲಿಸಬೇಕಾಯಿತು. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಲು ಹೋಗಿ ಸಾವಿರಗಟ್ಟಲೆ ಖರ್ಚು.

ಬೆರಳಿಂದ ಮುಟ್ಟಿ ನೋಡಿ. ಮಡಿಕೆ ಮಡಿಕೆಯ ಕಾಗದ ಒಣಗಿದ್ದು, ಬೆರಳಿಗೆ ಬರೀ ಧೂಳು ಹತ್ತಿದರೆ ಅದು ಡ್ರೈ ಪೇಪರ್ ಫಿಲ್ಟರ್. ಅದೇ ಕಾಗದ ಅಂಟಂಟಾಗಿ, ಎಣ್ಣೆ ಹಚ್ಚಿದ ಹಾಗಿದ್ದರೆ ವಿಸ್ಕಸ್ ಫಿಲ್ಟರ್. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಫೋಮ್.

ಡ್ರೈ ಪೇಪರ್ ಆದರೆ ಅಂಗೈಗೆ ಮೆಲ್ಲ ತಟ್ಟಿ, ಕಲ್ಲಿಗೆ ಬಡಿಯಬೇಡಿ. ಏರ್ ಹೊಡೆಯುವುದಾದರೆ ಕಡಿಮೆ ಪ್ರೆಶರ್ ಸಾಕು, ಅದೂ ದೂರದಿಂದ. ಯಾವಾಗಲೂ ಎಂಜಿನ್ ಕಡೆಗಿರುವ ಸ್ವಚ್ಛ ಬದಿಯಿಂದ ಧೂಳಿನ ಬದಿಗೆ. ತಿರುಗಿಸಿ ಹೊಡೆದರೆ ಧೂಳು ಕಾಗದದೊಳಕ್ಕೇ ನುಗ್ಗುತ್ತದೆ. ಆಮೇಲೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಎಲ್ಲ ಕಡೆ ಬೆಳಕು ಒಂದೇ ಸಮ ಕಂಡರೆ ಇನ್ನಷ್ಟು ದಿನ ನಡೆಯುತ್ತದೆ. ಕಪ್ಪು ಪಟ್ಟಿ ಕಂಡರೆ ಬದಲಿಸಿ. ಸೂಜಿಮೊನೆಯಷ್ಟು ತೂತಿನಿಂದ ಚುಕ್ಕಿಯಾಗಿ ಬೆಳಕು ಬಂದರೂ ಬದಲಿಸಿ.

ವಿಸ್ಕಸ್ ಫಿಲ್ಟರನ್ನು ತೊಳೆಯುವಂತಿಲ್ಲ, ಏರ್ ಹೊಡೆಯುವಂತಿಲ್ಲ. ಧೂಳು ಹಿಡಿಯುವುದೇ ಆ ಎಣ್ಣೆ. ಅವಧಿ ಮುಗಿದರೆ ಹೊಸತು ಹಾಕುವುದೊಂದೇ ದಾರಿ. ಎಷ್ಟು ಕಿ.ಮೀ.ಗೆ ಎಂಬುದು ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ದಿನಾ ಕಾಮಗಾರಿ ನಡೆಯುವ ಹೆದ್ದಾರಿಯಲ್ಲೋ ಕೋರೆಯ ದಾರಿಯಲ್ಲೋ ಓಡಾಡುವವರು ಅಷ್ಟು ಕಾಯಬಾರದು.

ಫೋಮ್ ಮಾತ್ರ ತೊಳೆಯಬಹುದು. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒತ್ತಿ ಒತ್ತಿ ತೊಳೆಯಿರಿ. ಹಿಂಡಿ ತಿರುಚಿದರೆ ಹರಿಯುತ್ತದೆ. ಪೆಟ್ರೋಲ್ ಮುಟ್ಟಿಸಬೇಡಿ, ಬೆಂಕಿಯ ಅಪಾಯ. ನೆರಳಲ್ಲಿ ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಇದಕ್ಕೆ ಎರಡು ದಿನವೂ ಬೇಕಾಗುತ್ತದೆ, ಅದಕ್ಕೇ ಮೇ ತಿಂಗಳಲ್ಲೇ ಮುಗಿಸಿ ಎನ್ನುವುದು. ಒಣಗಿದ ಮೇಲೆ ಪುಸ್ತಕದಲ್ಲಿ ಹೇಳಿದ ಎಣ್ಣೆ ಹಚ್ಚಿ, ಜಾಸ್ತಿಯಾದದ್ದನ್ನು ಒತ್ತಿ ತೆಗೆಯಿರಿ.

ಡಬ್ಬಿ, ರಬ್ಬರ್, ಡ್ರೈನ್ ಪೈಪ್

ಎಂಜಿನ್ ಕಡೆ ಹೋಗುವ ತೂತಿಗೆ ಶುದ್ಧ ಬಟ್ಟೆ ತುರುಕಿ, ಡಬ್ಬಿಯ ಒಳಗೆ ಒರೆಸಿ. ಬಹಳ ದಿನ ನಿಂತ ಬೈಕಾದರೆ ಕಣಜದ ಮಣ್ಣಿನ ಗೂಡೋ, ಇಲಿ ತಂದಿಟ್ಟ ತೆಂಗಿನ ನಾರೋ ಸಿಗುವುದುಂಟು. ಹೆಚ್ಚಿನ ಡಬ್ಬಿಗಳ ತಳದಲ್ಲಿ ಬೆರಳುದ್ದದ ಡ್ರೈನ್ ಪೈಪ್ ಇರುತ್ತದೆ. ಅದರ ಮೂತಿಯ ಮುಚ್ಚಳ ತೆಗೆದು ಹಿಂಡಿದರೆ ಕಂದು ಬಣ್ಣದ ನೀರು, ಎಣ್ಣೆ ಇಳಿಯುತ್ತದೆ. ಮುಚ್ಚಳ ಮತ್ತೆ ಹಾಕಿ, ತುರುಕಿದ ಬಟ್ಟೆ ನೆನಪಿಟ್ಟು ತೆಗೆಯಿರಿ.

ಫೋಟೊ ನೋಡಿಕೊಂಡು ಫಿಲ್ಟರ್ ಕೂರಿಸಿ. ಅಂಚಿನ ರಬ್ಬರ್ ಸುತ್ತಲೂ ತನ್ನ ಕಚ್ಚಿನಲ್ಲಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಕಡೆ ಎದ್ದಿದ್ದರೂ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ನೀರಲ್ಲಿ ಬೈಕ್ ನಿಂತರೆ

ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ರಸ್ತೆಯಲ್ಲೇ ನೀರು ನಿಲ್ಲುತ್ತದೆ ಅಲ್ವಾ? ಅಲ್ಲಿ ಬೈಕ್ ಆಫ್ ಆದರೆ ಸೆಲ್ಫ್ ಒತ್ತಬೇಡಿ, ಕಿಕ್ಕರ್ ಹೊಡೆಯಬೇಡಿ. ತಳ್ಳಿಕೊಂಡು ಎತ್ತರದ ಜಾಗಕ್ಕೆ ತಂದು ಮೊದಲು ಈ ಡಬ್ಬಿ ತೆರೆಯಿರಿ. ಫಿಲ್ಟರ್ ಒಣಗಿದ್ದರೆ ನೀರು ಒಳಗೆ ಹೋಗಿರುವ ಸಾಧ್ಯತೆ ಕಡಿಮೆ. ಒದ್ದೆಯಾಗಿದ್ದರೆ ಎಂಜಿನ್ ಒಳಗೂ ನೀರು ಸೇರಿರಬಹುದು. ಆಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ನಿಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿಸಿ, ಆಯಿಲ್ ನೋಡಿಸಿ, ಹೊಸ ಫಿಲ್ಟರ್ ಹಾಕಿದ ಮೇಲೆಯೇ ಸ್ಟಾರ್ಟ್ ಮಾಡಿ.