ಮತ್ತೆ ಮೊದಲಿಂದ ಬೇಡ: ಪಿಯಾನೊ ಹೊಸಬರು ಅಭ್ಯಾಸ ಮಾಡುವ ಬಗೆ

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಬ್ಬಳು ಹುಡುಗಿ ಪಿಯಾನೊ ಕಲಿಯುತ್ತಿದ್ದಾಳೆ. ಸಂಜೆ ಆರೂವರೆಗೆ ಸರಿಯಾಗಿ ಶುರು. ಎರಡು ಬಾರ್ (ಸಂಗೀತದ ಬರಹದಲ್ಲಿ ಎರಡು ಅಡ್ಡಗೆರೆಗಳ ನಡುವಿನ ತುಂಡು) ಚೆನ್ನಾಗಿ ಹೋಗುತ್ತದೆ. ಮೂರನೇ ಬಾರಿನಲ್ಲಿ ಎಡವುತ್ತಾಳೆ. ಒಂದು ಕ್ಷಣ ಸುಮ್ಮನಾಗಿ ಮತ್ತೆ ಮೊದಲಿಂದ. ಮತ್ತೆ ಅಲ್ಲೇ ಎಡವುತ್ತಾಳೆ. ಒಂದು ದಿನ ಹುರುಳಿಕಾಯಿ ಬಿಡಿಸುತ್ತಾ ಎಣಿಸಿದೆ. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಸಲ. ಬರುವ ಎರಡು ಬಾರನ್ನು ಅವಳು ಹತ್ತೊಂಬತ್ತು ಸಲ ಅಭ್ಯಾಸ ಮಾಡಿದ್ದಳು. ಬಾರದ ಜಾಗವನ್ನು ಒಂದು ಸಲವೂ ಮಾಡಿರಲಿಲ್ಲ. ಎಡವುವುದನ್ನು ಮಾತ್ರ ಹತ್ತೊಂಬತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದಳು.

ಹದಿನೈದು ವರ್ಷದಿಂದ ಮನೆಯಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದೇನೆ. ಆರು ವರ್ಷದ ಮಗುವಾಗಲಿ, ರಿಟೈರ್ ಆದ ಮೇಲೆ ಆಸೆಪಟ್ಟು ಬಂದವರಾಗಲಿ, ಎಲ್ಲರೂ ಮಾಡುವ ತಪ್ಪು ಇದೊಂದೇ. ಪೂರ್ತಿ ನುಡಿಸುವುದನ್ನೇ ಅಭ್ಯಾಸ ಅಂದುಕೊಂಡಿರುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಆ ಎಡವುವ ಜಾಗದ ಬಗ್ಗೆಯೇ ಜಾಸ್ತಿ ಇದೆ. ಉಳಿದದ್ದನ್ನು ಬೇಗ ಮುಗಿಸಿಬಿಡೋಣ.

ವಾದ್ಯ

ಪೂರ್ತಿ ಪಿಯಾನೊಗೆ 88 ಕೀ: ಬಿಳಿ 52, ಕಪ್ಪು 36. ಶುರುವಿಗೆ ಅಷ್ಟೆಲ್ಲ ಬೇಡ, 61 ಕೀ ಇರುವ ಕೀಬೋರ್ಡ್ ಸಾಕು. ಆದರೆ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಒಂದು ಕೀಯನ್ನು ಮೆಲ್ಲಗೆ ಒತ್ತಿ, ಆಮೇಲೆ ಅದನ್ನೇ ಜೋರಾಗಿ ಒತ್ತಿ. ಎರಡು ಸಲವೂ ಒಂದೇ ಸದ್ದು ಬಂದರೆ ವಾಪಸ್ ಇಟ್ಟುಬಿಡಿ, ಅದು ಆಟದ ಸಾಮಾನು. ಪಿಯಾನೊದ ಪೂರ್ತಿ ಹೆಸರು ಪಿಯಾನೊಫೋರ್ಟೆ, ಅಂದರೆ ಇಟಾಲಿಯನ್ ಭಾಷೆಯಲ್ಲಿ 'ಮೆಲ್ಲಗೆ-ಜೋರಾಗಿ'. ಬೆರಳಿನ ಬಲಕ್ಕೆ ಸದ್ದು ಬದಲಾಗದಿದ್ದರೆ ಆ ಹೆಸರಿಗೇ ಅರ್ಥವಿಲ್ಲ ಅಲ್ವಾ? ಮುನ್ನೂರು ರಿದಮ್, ಐನೂರು ಟೋನ್ ಇವೆ ಎಂದು ಅಂಗಡಿಯವರು ಗುಂಡಿ ಒತ್ತಿ ಒತ್ತಿ ತೋರಿಸುತ್ತಾರೆ. ನಿಮಗೆ ಬೇಕಾಗಿರುವುದು ಒಂದೇ ಟೋನ್, ಪಿಯಾನೊದ್ದು.

ಒಂದು ವರ್ಷ ಬಿಡದೆ ನುಡಿಸಿದ ಮೇಲೆ 88 ಕೀಯ, ಹ್ಯಾಮರ್ ಆ್ಯಕ್ಷನ್ ಇರುವ ಡಿಜಿಟಲ್ ಪಿಯಾನೊಗೆ ಹೋಗಿ. ಅದರ ಕೀಗಳಿಗೆ ನಿಜವಾದ ಪಿಯಾನೊದ ಹಾಗೆ ತೂಕ ಇರುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರ ಜೊತೆ ಜಗಳವೂ ಇಲ್ಲ. ಕಡಿಮೆ ಬೆಲೆಗೆ ಹಳೆಯ ಮರದ ಪಿಯಾನೊ ಸಿಕ್ಕಿತೆಂದು ಬಗ್ಗಬೇಡಿ. ನಾನು ಬಗ್ಗಿದ್ದೆ. ಮನೆಗೆ ತಂದು ಹಿಂದಿನ ಹಲಗೆ ತಟ್ಟಿದರೆ ಗೆದ್ದಲಿನ ಮಣ್ಣು ಉದುರಿತು. ಅದು ಚೆನ್ನಾಗಿದ್ದರೂ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ಶ್ರುತಿ ಜರುಗುತ್ತದೆ, ಕೀ ಅಂಟಿಕೊಳ್ಳುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕತ್ತರಿಯ ಹಾಗೆ ಮಡಚುವ ಸ್ಟ್ಯಾಂಡ್ ನನಗೆ ಕಂಡರಾಗುವುದಿಲ್ಲ. ಸ್ವಲ್ಪ ಜೋರಾಗಿ ನುಡಿಸಿದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಗಟ್ಟಿ ಮೇಜೇ ವಾಸಿ, ಎತ್ತರ ಸರಿಯಿದ್ದರೆ.

ಇನ್ನು ಕೀಗಳ ಮೇಲೆ ಸಿ, ಡಿ, ಇ ಎಂದು ಅಂಟಿಸುವ ಸ್ಟಿಕ್ಕರ್. ದಯವಿಟ್ಟು ಬೇಡ. ಎರಡು ಕಪ್ಪು ಕೀ ಜೋಡಿಯಾಗಿರುವಲ್ಲಿ, ಅದರ ಎಡಕ್ಕೆ ಅಂಟಿಕೊಂಡ ಬಿಳಿ ಕೀ ಸಿ. ಇಷ್ಟು ತಿಳಿದರೆ ಉಳಿದದ್ದು ಒಂದು ವಾರದ ಕೆಲಸ. ಸ್ಟಿಕ್ಕರ್ ಹಾಕಿದವರು ಎರಡು ವರ್ಷವಾದರೂ ಕತ್ತು ಬಗ್ಗಿಸಿ ಅಕ್ಷರ ಹುಡುಕುತ್ತಲೇ ಇರುತ್ತಾರೆ. ಕಿತ್ತರೆ ಅಂಟು ಬೇರೆ ಉಳಿಯುತ್ತದೆ.

ಕೂರುವುದು, ಸಮಯ

ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ ತಗ್ಗಾಗುತ್ತದೆ, ದಿಂಬು ಹಾಕಿ. ಮಕ್ಕಳ ಕಾಲು ಗಾಳಿಯಲ್ಲಿ ನೇತಾಡಬಾರದು, ಕೆಳಗೊಂದು ಮಣೆ ಇಡಿ. ಉಗುರು ಕತ್ತರಿಸಿ. ಈ ವಿಷಯದಲ್ಲಿ ಚೌಕಾಸಿ ಇಲ್ಲ.

ದಿನಾ ಇಪ್ಪತ್ತು ನಿಮಿಷ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುತ್ತೇನೆ ಅನ್ನುವವರು ಹತ್ತು ಮಂದಿ ಬಂದಿದ್ದಾರೆ, ಹತ್ತೂ ಮಂದಿ ಬಿಟ್ಟಿದ್ದಾರೆ. ಕೀಬೋರ್ಡನ್ನು ಚೀಲದಲ್ಲಿ ಹಾಕಿ ಮಂಚದ ಕೆಳಗೆ ಇಡಬೇಡಿ. ತೆಗೆಯುವ ಸೋಮಾರಿತನಕ್ಕೇ ಅರ್ಧ ದಿನಗಳ ಅಭ್ಯಾಸ ತಪ್ಪುತ್ತದೆ. ಕಣ್ಣಿಗೆ ಕಾಣುವ ಹಾಗೆ, ಪ್ಲಗ್ ಹಾಕಿದ ಹಾಗೇ ಇರಲಿ.

ಮೊದಲ ಐದು ನಿಮಿಷ: ಹೆಬ್ಬೆರಳು

ಸಿ ಮೇಜರ್ ಸ್ಕೇಲ್ ಸಾಕು, ಅಂದರೆ ಒಂದು ಸಿಯಿಂದ ಮುಂದಿನ ಸಿವರೆಗೆ ಬಿಳಿ ಕೀಗಳು ಸಾಲಾಗಿ: ಸಿ-ಡಿ-ಇ-ಎಫ್-ಜಿ-ಎ-ಬಿ-ಸಿ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಇದು ಶಂಕರಾಭರಣದ ಸ್ವರಗಳು. ಪಿಯಾನೊದಲ್ಲಿ ಬೆರಳಿಗೆ ನಂಬರು: ಎರಡೂ ಕೈಗೆ ಹೆಬ್ಬೆರಳು 1, ಕಿರುಬೆರಳು 5. ಬಲಗೈಯಲ್ಲಿ ಹತ್ತುವಾಗ 1-2-3, ಆಮೇಲೆ ಮತ್ತೆ 1-2-3-4-5. ಮಧ್ಯದ ಬೆರಳು ಇ ಮೇಲಿರುವಾಗ ಹೆಬ್ಬೆರಳು ಅಂಗೈ ಕೆಳಗೆ ನುಸುಳಿ ಎಫ್‌ಗೆ ಹೋಗಬೇಕು.

ಎಲ್ಲರೂ ಇದನ್ನು ಕೊನೇ ಗಳಿಗೆಯಲ್ಲಿ ಮಾಡುತ್ತಾರೆ. ಇ ಮುಗಿಯುವವರೆಗೆ ಸುಮ್ನೆ ಇದ್ದು, ಆಮೇಲೆ ಮೊಣಕೈಯನ್ನು ಕೋಳಿ ರೆಕ್ಕೆಯ ಹಾಗೆ ಎತ್ತಿ ಹೆಬ್ಬೆರಳನ್ನು ಎಸೆಯುತ್ತಾರೆ. ಎಫ್ 'ಢಂ' ಎಂದು ಸಿಡಿಯುತ್ತದೆ. ತೋರುಬೆರಳು ಡಿ ಒತ್ತುವಾಗಲೇ ಹೆಬ್ಬೆರಳು ಹೊರಟಿರಬೇಕು. ಇ ಕೇಳುವ ಹೊತ್ತಿಗೆ ಅದು ಎಫ್ ಮೇಲೆ ಕೂತು ಕಾಯುತ್ತಿರಬೇಕು. ಬಸ್ ಸ್ಟಾಪಿಗೆ ಬಸ್ಸಿಗಿಂತ ಮೊದಲು ಹೋಗಿ ನಿಲ್ಲುತ್ತೀರಲ್ಲ, ಹಾಗೆ.

ಎಡಗೈ ಹತ್ತುವಾಗ 5-4-3-2-1-3-2-1. ಎರಡೂ ಕೈ ಸೇರಿಸುವುದಾದರೆ ಮೊದಲು ಎದುರು-ಬದುರು ಮಾಡಿ. ಎರಡೂ ಹೆಬ್ಬೆರಳನ್ನು ನಡುವಿನ ಸಿ ಮೇಲಿಟ್ಟು ಎಡಗೈ ಎಡಕ್ಕೆ, ಬಲಗೈ ಬಲಕ್ಕೆ. ಎರಡೂ ಕೈಯಲ್ಲಿ ಒಂದೇ ನಂಬರಿನ ಬೆರಳು ಒಟ್ಟಿಗೆ ಬೀಳುತ್ತದೆ, ತಲೆಬಿಸಿ ಇಲ್ಲ.

ನಿಜವಾದ ಕೆಲಸ: ಬೆಸುಗೆ ಹಾಕುವುದು

ಈಗ ಮೂರನೇ ಮಹಡಿಗೆ ಬರೋಣ. ಆ ಹುಡುಗಿ ನುಡಿಸುವುದು ಜಿ ಮೇಜರ್ ಮಿನುಯೆಟ್, ಹಳೆಯ ಕಾಲದ ಒಂದು ನೃತ್ಯದ ಧಾಟಿ. ಜರ್ಮನ್ ಸಂಗೀತಗಾರ ಬಾಖ್ ತನ್ನ ಹೆಂಡತಿ ಆನಾ ಮಗ್ದಲೇನಾಗೆಂದು 1725ರಲ್ಲಿ ಶುರು ಮಾಡಿದ ನೋಟ್‌ಬುಕ್ಕಿನಲ್ಲಿ ಇರುವ ತುಣುಕು. ತುಂಬಾ ಕಾಲ ಬಾಖ್‌ನದೇ ಅಂದುಕೊಂಡಿದ್ದರು, ಬರೆದವನು ಕ್ರಿಶ್ಚಿಯನ್ ಪೆಟ್ಸೋಲ್ಡ್. ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ನುಡಿಸುತ್ತಾರೆ, ಹಾಗಾಗಿ ಇದನ್ನೇ ತೆಗೆದುಕೊಳ್ಳೋಣ. ಒಂದು ಬಾರಿಗೆ ಮೂರು ಎಣಿಕೆ.

ಬಲಗೈ ಮೊದಲ ಬಾರ್: ಡಿ, ಆಮೇಲೆ ಜಿ-ಎ-ಬಿ-ಸಿ. ಎರಡನೇ ಬಾರ್: ಡಿ, ಜಿ, ಜಿ. ಇಲ್ಲಿವರೆಗೆ ಕೈ ಅಲುಗಾಡುವುದೇ ಬೇಡ. ಹೆಬ್ಬೆರಳು ಜಿ ಮೇಲೆ, ಕಿರುಬೆರಳು ಡಿ ಮೇಲೆ, ಐದು ಕೀಗೆ ಐದು ಬೆರಳು. ಮೂರನೇ ಬಾರ್: ಇ, ಆಮೇಲೆ ಸಿ-ಡಿ-ಇ-ಎಫ್ ಶಾರ್ಪ್ (ಎಫ್‌ನ ಬಲಕ್ಕೆ ಅಂಟಿಕೊಂಡ ಕಪ್ಪು ಕೀ). ನಾಲ್ಕನೆಯದು ಮೇಲಿನ ಜಿಯಿಂದ ಶುರು.

ತೊಂದರೆ ಎಲ್ಲಿದೆ ನೋಡಿ. ಇ ಇರುವುದು ಕಿರುಬೆರಳಿನ ಪಕ್ಕದಲ್ಲೇ, ಒಂದೇ ಕೀ ಆಚೆ. ಆಸೆಯಾಗುತ್ತದೆ. ಕಿರುಬೆರಳನ್ನು ಸ್ವಲ್ಪ ಚಾಚಿ ಒತ್ತಿಬಿಡುತ್ತಾರೆ. ಆಮೇಲೆ ಸಿಗೆ ಮೂರನೇ ಬೆರಳು, ಡಿಗೆ ನಾಲ್ಕನೆಯದು, ಇಗೆ ಐದನೆಯದು. ಎಫ್ ಶಾರ್ಪ್‌ಗೆ? ಬೆರಳೇ ಇಲ್ಲ. ಅಲ್ಲಿಗೆ ನಿಂತಿತು. ಆ ಹುಡುಗಿಗೆ ಎಫ್ ಶಾರ್ಪ್ ಬರುವುದಿಲ್ಲ ಅನಿಸುತ್ತಿತ್ತು. ತಪ್ಪು ಆಗಿದ್ದು ನಾಲ್ಕು ಸ್ವರ ಹಿಂದೆ. ಪಿಯಾನೊದಲ್ಲಿ ಸಾಮಾನ್ಯವಾಗಿ ಹೀಗೇ: ಕಿವಿಗೆ ತಪ್ಪು ಕೇಳಿದ ಜಾಗಕ್ಕಿಂತ ಸ್ವಲ್ಪ ಮೊದಲೇ ಕೈ ತಪ್ಪಿರುತ್ತದೆ.

ಇಗೆ ಬರಬೇಕಾದದ್ದು ಮೂರನೇ ಬೆರಳು. ಅಂದರೆ ಎರಡನೇ ಬಾರಿನ ಕೊನೆಯ ಜಿ ಮುಗಿದ ತಕ್ಷಣ ಇಡೀ ಕೈ ಬಲಕ್ಕೆ ಸರಿದು ಹೆಬ್ಬೆರಳು ಸಿ ಮೇಲೆ ಬರಬೇಕು. ಆಗ ಐದು ಬೆರಳಿಗೂ ಜಾಗ ಇದೆ. ಈ ಒಂದು ಜರುಗುವಿಕೆಯನ್ನು ಹೀಗೆ ಕಲಿಯಿರಿ.

ಮೊದಲು ಪೆನ್ಸಿಲ್ ತೆಗೆದುಕೊಂಡು ಆ ಇ ಮೇಲೆ 3 ಎಂದು ಬರೆಯಿರಿ. ಪುಸ್ತಕದಲ್ಲಿ ಅಚ್ಚಾಗಿದ್ದರೂ ಸುತ್ತ ಒಂದು ಸೊನ್ನೆ ಹಾಕಿ. ಪುಸ್ತಕ ಹೊಸದಾಗೇ ಇರಲಿ ಅನ್ನುವವರು ಬೇಗ ಕಲಿತದ್ದನ್ನು ನಾನು ಕಂಡಿಲ್ಲ.

ಈಗ ಮೂರೇ ಸ್ವರ: ಜಿ, ಜಿ, ಇ. ಆದರೆ ಇಯನ್ನು ಒತ್ತಬೇಡಿ. ಎರಡನೇ ಜಿ ಆದ ಮೇಲೆ ಕೈ ಸರಿಸಿ ಕೀಗಳನ್ನು ಮುಟ್ಟಿ ನಿಲ್ಲಿಸಿ. ಸದ್ದು ಬರಬಾರದು. ನೋಡಿ: ಹೆಬ್ಬೆರಳು ಸಿ ಮೇಲಿದೆಯಾ? ನಾಲ್ಕನೇ ಬೆರಳು ಎಫ್ ಶಾರ್ಪ್‌ನ ಕಪ್ಪು ಕೀ ಹತ್ತಿರ ಇದೆಯಾ? ಇದ್ದರೆ ಮಾತ್ರ ಇ ಒತ್ತಿ. ಇಲ್ಲದಿದ್ದರೆ ಕೈಯನ್ನು ಅಲ್ಲೇ ಸರಿಪಡಿಸಿಕೊಂಡು ಒತ್ತಬೇಡಿ. ಇದು ಮುಖ್ಯ. ಹಾಗೆ ಮಾಡಿದರೆ ಕೈ 'ತಪ್ಪು ಜಾಗಕ್ಕೆ ಹೋಗಿ ಆಮೇಲೆ ಸರಿ ಮಾಡಿಕೊಳ್ಳುವುದು' ಎಂಬುದನ್ನೇ ಕಲಿಯುತ್ತದೆ. ವಾಪಸ್ ಜಿಗೆ ಬನ್ನಿ, ಮತ್ತೆ ಸರಿಸಿ.

ಐದು ಸಲ ಸತತವಾಗಿ ಸರಿ ಬರಬೇಕು. ನಾಲ್ಕಾಗಿ ಐದನೆಯದು ತಪ್ಪಿದರೆ ಲೆಕ್ಕ ಸೊನ್ನೆಯಿಂದ. ಐದು ಹುಣಸೆಬೀಜ ಎಡಕ್ಕಿಟ್ಟುಕೊಳ್ಳಿ, ಸರಿಯಾದಾಗ ಒಂದನ್ನು ಬಲಕ್ಕೆ ಸರಿಸಿ, ತಪ್ಪಿದರೆ ಎಲ್ಲವೂ ವಾಪಸ್. ಮಕ್ಕಳಿಗೆ ಇದು ಆಟ. ದೊಡ್ಡವರಿಗೆ ನಾಲ್ಕನೇ ಬೀಜಕ್ಕೆ ಕೈ ನಡುಗುತ್ತದೆ. ನಡುಗಲಿ, ಮುಂದೆ ಹತ್ತು ಜನರ ಎದುರು ನುಡಿಸುವಾಗ ಅದೇ ನಡುಕ ಬರುತ್ತದೆ.

ಆಮೇಲೆ ಮುಂದಕ್ಕೆ ಒಂದೊಂದೇ ಸ್ವರ ಸೇರಿಸಿ: ಜಿ-ಜಿ-ಇ-ಸಿ, ಜಿ-ಜಿ-ಇ-ಸಿ-ಡಿ, ಹೀಗೆ ಮೂರನೇ ಬಾರ್ ಮುಗಿಯುವವರೆಗೆ. ಅದಾದ ಮೇಲೆ ಹಿಂದಕ್ಕೆ ಬೆಳೆಸಿ. ಎರಡನೇ ಬಾರಿನ ಡಿಯಿಂದ ಶುರು ಮಾಡಿ, ಕೊನೆಗೆ ಮೊದಲ ಬಾರಿನಿಂದ. ಬಾರ್‌ಗೆರೆಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡಲೇಬೇಡಿ. ಗೆರೆಯವರೆಗೆ ನುಡಿಸಿ ನಿಲ್ಲಿಸುವವರಿಗೆ ಬಾರ್ ಬರುತ್ತದೆ, ಒಂದರಿಂದ ಇನ್ನೊಂದಕ್ಕೆ ದಾಟುವುದು ಬರುವುದಿಲ್ಲ. ಯಾವಾಗಲೂ ಮುಂದಿನ ಬಾರಿನ ಮೊದಲ ಸ್ವರದ ಮೇಲೆ ನಿಲ್ಲಿಸಿ.

ಇದಿಷ್ಟಕ್ಕೆ ಹತ್ತು ನಿಮಿಷ ಸಾಕು. ಆ ಹುಡುಗಿಗೆ ಇದನ್ನು ಹೇಳಿಕೊಟ್ಟ ಮಾರನೇ ದಿನ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯವರು ಕೇಳಿದರು: "ಕೆಳಗಿನ ಮನೆ ಪಿಯಾನೊ ಕೆಟ್ಟುಹೋಯ್ತಾ? ನಿನ್ನೆಯೆಲ್ಲ ಮೂರೇ ಸ್ವರ ಬರ್ತಿತ್ತು."

ಎರಡು ಕೈ

ಒಂದೊಂದು ಕೈ ಪೂರ್ತಿ ಪಾಠ ಆದ ಮೇಲೆ ಎರಡನ್ನೂ ಸೇರಿಸುತ್ತೇನೆ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಬೇಡ. ಎರಡು ಬಾರ್ ಬಂದರೆ ಅಷ್ಟನ್ನೇ ಸೇರಿಸಿ. ಮಿನುಯೆಟ್‌ನಲ್ಲಿ ನಮ್ಮ ಬೆಸುಗೆಯ ಜಾಗದಲ್ಲಿ ಎಡಗೈಗೆ ಕೆಲಸವೇ ಕಡಿಮೆ. ಎರಡನೇ ಬಾರಿನಲ್ಲಿ ಬಿ, ಮೂರನೆಯದರಲ್ಲಿ ಸಿ, ಒಂದೊಂದೂ ಮೂರು ಎಣಿಕೆ. ಹಾಗಿದ್ದೂ ಬಲಗೈ ಜರುಗುವಾಗ ಎಡಗೈ ಗಾಬರಿಯಾಗಿ ಬಿಯನ್ನು ಮೊದಲೇ ಬಿಟ್ಟುಬಿಡುತ್ತದೆ. ಮದ್ದು: ಬಲಗೈಯನ್ನು ಪಿಯಾನೊ ಮೇಲೆ, ಎಡಗೈಯನ್ನು ತೊಡೆಯ ಮೇಲೆ ನುಡಿಸಿ. ಆಮೇಲೆ ಅದಲು ಬದಲು. ಕೊನೆಗೆ ಎರಡೂ ಪಿಯಾನೊ ಮೇಲೆ, ಬಾಯಲ್ಲಿ ಒಂದು-ಎರಡು-ಮೂರು ಎಂದು ಜೋರಾಗಿ ಎಣಿಸುತ್ತಾ. ಮನಸ್ಸಲ್ಲೇ ಎಣಿಸುತ್ತೇನೆ ಅನ್ನುವವರು ಎಣಿಸುತ್ತಿರುವುದಿಲ್ಲ.

ವೇಗ

ಸರಳೆ ವರಸೆ ಕಲಿತವರಿಗೆ ಗೊತ್ತು, ಒಂದನೇ ಕಾಲ ಗಟ್ಟಿಯಾಗದೆ ಗುರುಗಳು ಎರಡನೇ ಕಾಲಕ್ಕೆ ಬಿಡುವುದಿಲ್ಲ. ಅದೇ ಮನೆಯವರು ಪಿಯಾನೊ ಮುಂದೆ ಕೂತರೆ ಮಾತ್ರ ನೇರ ಮೂರನೇ ಕಾಲ! ಫೋನಿನಲ್ಲಿ ಒಂದು ಮೆಟ್ರೊನೋಮ್ (ಒಂದೇ ಲಯದಲ್ಲಿ ಟಕ್ ಟಕ್ ಎನ್ನುವ ಆ್ಯಪ್) ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ನಿಮಿಷಕ್ಕೆ 60 ಎಣಿಕೆಯಿಂದ ಶುರು. ತಪ್ಪಿಲ್ಲದೆ ಮೂರು ಸಲ ಬಂದರೆ 4 ಏರಿಸಿ. ಎಡವಿದರೆ 8 ಇಳಿಸಿ, 4 ಅಲ್ಲ. ದಿನದ ಕೊನೆಯ ಸಲ ನುಡಿಸುವುದು ಯಾವಾಗಲೂ ನಿಧಾನ ವೇಗದಲ್ಲೇ ಇರಲಿ.

ಅಡ್ಡದಾರಿಗಳು

ಪರದೆಯ ಮೇಲಿಂದ ಬಣ್ಣದ ಪಟ್ಟಿಗಳು ಮಳೆಯ ಹಾಗೆ ಬೀಳುವ ವಿಡಿಯೊಗಳಿವೆ. ಅದನ್ನು ನೋಡಿ ಒಂದು ಹಾಡು ಕಲಿಯಬಹುದು, ಎರಡನೇ ಹಾಡಿಗೆ ಮತ್ತೆ ಸೊನ್ನೆಯಿಂದ. ಸಂಗೀತದ ಬರಹ ಓದಲು ಬರುವುದೇ ಇಲ್ಲ. ಇನ್ನೊಂದು, ಬೀಥೋವನ್‌ನ ತುಣುಕು ಫ್ಯೂರ್ ಎಲೀಸ್. ಕಾರು ರಿವರ್ಸ್ ತೆಗೆಯುವಾಗ ಕೇಳಿ ಕೇಳಿ ಸುಲಭ ಅನಿಸಿರುತ್ತದೆ. ಮೊದಲ ಸಾಲು ಸುಲಭವೇ. ನಡುವಿನ ಭಾಗಗಳಿಗೆ ಬಂದಾಗ ಗೊತ್ತಾಗುತ್ತದೆ.

ಗ್ರೇಡ್ ಪರೀಕ್ಷೆ ಬೇಡ ಅನ್ನುವುದಿಲ್ಲ. ಆದರೆ ವರ್ಷವಿಡೀ ಪರೀಕ್ಷೆಯ ಮೂರೇ ತುಣುಕು ಉಜ್ಜುವ ಮಕ್ಕಳನ್ನು ನೋಡಿ ಬೇಜಾರಾಗುತ್ತದೆ. ನೆಂಟರು ಬಂದಾಗ "ಏನಾದರೂ ನುಡಿಸು" ಅಂದರೆ ಹೋದ ವರ್ಷದ್ದು ಮರೆತಿದೆ, ಈ ವರ್ಷದ್ದು ಇನ್ನೂ ಬಂದಿಲ್ಲ. ವಾರಕ್ಕೊಂದು ಸುಲಭದ ಹೊಸ ತುಣುಕು ಓದಿ ನುಡಿಸಿ, ಚೆನ್ನಾಗಿ ಬರದಿದ್ದರೂ ಸರಿ.

ಕಾಲಲ್ಲಿ ಒತ್ತಿ ಸ್ವರಗಳನ್ನು ಎಳೆದು ನಿಲ್ಲಿಸುವ ಪೆಡಲ್ ಮೊದಲ ಆರು ತಿಂಗಳು ಮುಟ್ಟಬೇಡಿ. ಕೊಳೆ ಮುಚ್ಚಲು ಹಾಸಿದ ಜಮಖಾನೆ ಅದು.

ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ. ತಕ್ಷಣ ಕೇಳಬೇಡಿ, ಆಗ ಕೈಗೆ ಗೊತ್ತಿರುವುದೇ ಕಿವಿಗೂ ಕೇಳುತ್ತದೆ. ಮಾರನೇ ದಿನ ಬೆಳಗ್ಗೆ ಪುಸ್ತಕ ಎದುರಿಗಿಟ್ಟು ಕೇಳಿ, ಎಡವಿದ ಕಡೆಯೆಲ್ಲ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಿ. ಸಂಜೆ ಕೂತಾಗ ಶುರು ಮಾಡಬೇಕಾದದ್ದು ಆ ಚುಕ್ಕೆಗಿಂತ ಎರಡು ಸ್ವರ ಹಿಂದಿನಿಂದ.