ಸೇದಿದ್ದಾ, ತಿಂದಿದ್ದಾ? ಹೋಂಸ್ಟೇ ರಾತ್ರಿಗಳ ನನ್ನ ಅನುಭವ

ಮೈಸೂರಿನಲ್ಲಿ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಕೊಡಗಿನ ಕಕ್ಕಬ್ಬೆ ಕಡೆಯ ನಮ್ಮ ತೋಟಕ್ಕೆ ವಾಪಸ್ ಬಂದವಳು ನಾನು. ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದೇವೆ. ಅಕ್ಕಪಕ್ಕದ ಹೋಂಸ್ಟೇಯವರಿಗೆಲ್ಲ ನಾನು ‘ಸಿಸ್ಟರ್’. ರಾತ್ರಿ ಹನ್ನೊಂದರ ಮೇಲೆ ಅವರ ಫೋನ್ ಬಂದರೆ ವಿಷಯ ಅರ್ಧ ಗೊತ್ತಾಗಿಬಿಡುತ್ತದೆ. “ಗೆಸ್ಟ್ ಒಬ್ಬರಿಗೆ ಹಾರ್ಟ್ ಅಟ್ಯಾಕ್ ಅಂತೆ ಸಿಸ್ಟರ್, ಸ್ವಲ್ಪ ಬರ್ತೀರಾ?” ವಯಸ್ಸು ಕೇಳಿದರೆ ಇಪ್ಪತ್ತಮೂರು, ಇಪ್ಪತ್ತೈದು. ಹೋಗಿ ನೋಡಿದರೆ ಹುಡುಗ ಎದೆ ಹಿಡಿದುಕೊಂಡು ಕೂತಿರುತ್ತಾನೆ. ಕಣ್ಣು ಕೆಂಪು, ಬಾಯಿ ಒಣಗಿದೆ, ಕೈ ನಡುಗುತ್ತಿದೆ. ಗೆಳೆಯರು ಮೂಲೆಯಲ್ಲಿ ನಿಂತು ನೆಲ ನೋಡುತ್ತಿರುತ್ತಾರೆ. ಹೆಚ್ಚಾಗಿ ಇದು ಗಾಂಜಾದ ಕೆಲಸ.

ಆ ಗೆಳೆಯರಿಂದಲೇ ನನ್ನ ಕೆಲಸ ಶುರು. “ನಾನು ಪೊಲೀಸ್ ಅಲ್ಲಪ್ಪಾ. ಸುಳ್ಳು ಹೇಳಿದ್ರೆ ನಿಮ್ಮ ಫ್ರೆಂಡಿಗೇ ಕಷ್ಟ. ಸೇದಿದ್ದಾ, ತಿಂದಿದ್ದಾ? ಎಷ್ಟು ಗಂಟೆಗೆ? ಜೊತೆಗೆ ಏನು ಕುಡಿದ್ರಿ?” ಬೈದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಉಪದೇಶವನ್ನು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ.

ಸೇದಿದ್ದಾ ತಿಂದಿದ್ದಾ ಅನ್ನುವುದರ ಮೇಲೆ ಇಡೀ ರಾತ್ರಿಯ ಲೆಕ್ಕ ನಿಂತಿದೆ. ಗಾಂಜಾದಲ್ಲಿ ನಶೆ ತರುವ ಅಂಶ ಟಿಎಚ್‌ಸಿ. ಹೊಗೆಯಲ್ಲಿ ಎಳೆದರೆ ಅದು ಕೆಲವೇ ನಿಮಿಷದಲ್ಲಿ ಮೆದುಳು ಮುಟ್ಟುತ್ತದೆ. ಹೆದರಿಕೆ ಜೋರಾಗಿರುವುದು ಮೊದಲ ಅರ್ಧ, ಒಂದು ಗಂಟೆ. ಸಾಮಾನ್ಯವಾಗಿ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದರೆ ಕಥೆಯೇ ಬೇರೆ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಗೊತ್ತಾಗದೇ ಇರಬಹುದು. ಹೊಟ್ಟೆಗೆ ಹೋದದ್ದು ಲಿವರ್ ದಾಟಿ ಬರುವಾಗ ಅದರಲ್ಲಿ ಒಂದು ಪಾಲು ಇನ್ನೂ ಜೋರಾದ ರೂಪಕ್ಕೆ ತಿರುಗುತ್ತದೆ. ಆಮೇಲೆ ಆರು ಗಂಟೆ, ಎಂಟು ಗಂಟೆ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಬೆಂಗಳೂರಿಂದ ಕುಕೀಸ್, ಚಾಕೊಲೇಟ್ ತಂದವರು ಮಾಡುವುದು ಒಂದೇ: ಏನೂ ಆಗ್ತಿಲ್ಲ ಅಂತ ಇನ್ನೊಂದು ತಿನ್ನುತ್ತಾರೆ. ಎರಡೂ ಒಟ್ಟಿಗೆ ಏರುತ್ತವೆ.

ಉತ್ತರ ಸಿಕ್ಕ ಮೇಲೆ ನಾಡಿ, ಬಿಪಿ, ಉಸಿರು ನೋಡಿ, ಹೆದರುವಂಥದ್ದು ಇಲ್ಲ ಎಂದಾದರೆ, ಗೋಡೆ ಗಡಿಯಾರ ಕಾಣುವ ಹಾಗೆ ಕೂರಿಸುತ್ತೇನೆ. ಸೇದಿದವನಾದರೆ ಹೀಗೆ ಹೇಳುತ್ತೇನೆ: “ಈಗ ಹನ್ನೊಂದೂವರೆ. ಒಂದು ಗಂಟೆ ಹೊತ್ತಿಗೆ ಅರ್ಧ ಇಳಿದಿರುತ್ತೆ. ಎರಡೂವರೆಗೆ ನಿದ್ದೆ ಬರುತ್ತೆ. ಅಲ್ಲಿವರೆಗೂ ನಾನು ಇಲ್ಲೇ ಇರ್ತೀನಿ.” ನನ್ನ ದೊಡ್ಡ ಔಷಧ ಇದೇ. ‘ಏನೂ ಆಗಿಲ್ಲ, ಸುಮ್ನೆ ಮಲಗು’ ಅಂದರೆ ಅವರು ನಂಬುವುದಿಲ್ಲ. ಅವರಿಗೆ ನಿಜಕ್ಕೂ ಏನೋ ಆಗುತ್ತಿದೆಯಲ್ಲ! ಇನ್ನೊಂದು ಕಾರಣವೂ ಉಂಟು. ಗಾಂಜಾ ಏರಿದಾಗ ಹೊತ್ತು ಎಳೆದ ಹಾಗೆ ಅನಿಸುತ್ತದೆ. ಐದು ನಿಮಿಷ ಒಂದು ಗಂಟೆಯಾಗುತ್ತದೆ. ಇದು ಮುಗಿಯುವುದೇ ಇಲ್ಲ, ನನಗೆ ಹುಚ್ಚು ಹಿಡಿಯಿತು ಅನ್ನುವ ಭಯ ಅಲ್ಲಿಂದಲೇ ಹುಟ್ಟುವುದು. ಮುಳ್ಳು ಮುಂದೆ ಹೋಗುವುದನ್ನು ಕಣ್ಣಾರೆ ಕಂಡರೆ ಸ್ವಲ್ಪ ಹಿಡಿತ ಸಿಗುತ್ತದೆ.

ಒಳಗೆ ಏನು ನಡೆಯುತ್ತಿದೆ ಅಂತಲೂ ಹೇಳುತ್ತೇನೆ, ಎರಡೇ ಮಾತಿನಲ್ಲಿ. ಟಿಎಚ್‌ಸಿ ಹೃದಯದ ಬಡಿತ ಏರಿಸುತ್ತದೆ, ನಿಮಿಷಕ್ಕೆ ಇಪ್ಪತ್ತರಿಂದ ಐವತ್ತು ಬಡಿತ ಜಾಸ್ತಿಯಾಗಬಹುದು. ಮೆದುಳಿನಲ್ಲಿ ಭಯ ನೋಡಿಕೊಳ್ಳುವ ಜಾಗವನ್ನೂ ಅದು ಕೆಣಕುತ್ತದೆ. ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಅಂತ ಮನಸ್ಸು ಕಾರಣ ಹುಡುಕಿ, ‘ಸಾಯ್ತಿದ್ದೀನಿ’ ಅನ್ನುವ ಉತ್ತರ ಕೊಡುತ್ತದೆ. ಆ ಯೋಚನೆಗೆ ಅಡ್ರಿನಲಿನ್ ಸುರಿಯುತ್ತದೆ, ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಕಡಿಮೆ ಪ್ರಮಾಣದಲ್ಲಿ ಹಾಯೆನಿಸಿದ್ದೇ ಜಾಸ್ತಿಯಾದಾಗ ಹೆದರಿಸುತ್ತದೆ. ‘ನ್ಯಾಚುರಲ್ ಅಲ್ವಾ ಆಂಟಿ, ಹಿಂದಿನವರು ಸೇದ್ತಿರಲಿಲ್ವಾ’ ಅನ್ನುವವರು ಒಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾವನ್ನು ಪರೀಕ್ಷೆ ಮಾಡಿದಾಗ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ 4ರಷ್ಟಿತ್ತು. 2014ಕ್ಕೆ ಅದು ಶೇ 12ರ ಹತ್ತಿರ ಬಂದಿತ್ತು. ಹಿಂದಿನವರ ಗಾಂಜಾ ಮತ್ತು ಇವರದ್ದು ಒಂದೇ ಅಂತ ಹೇಳುವ ಹಾಗಿಲ್ಲ.

ಇನ್ನು ಕೋಣೆ. ಮ್ಯೂಸಿಕ್ ಬಂದ್, ಗುಂಪು ಹೊರಗೆ, ಒಬ್ಬರೇ ಗೆಳೆಯ ಒಳಗೆ. ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಬಿಚ್ಚಿಸುತ್ತೇನೆ. 128, 131, 135 ಅಂತ ಅದನ್ನೇ ನೋಡುತ್ತಾ ಕೂತರೆ ಯಾರ ಎದೆ ಇಳಿದೀತು? ನನ್ನ ಆಕ್ಸಿಮೀಟರ್ ನಂಬರನ್ನೂ ತೋರಿಸುವುದಿಲ್ಲ. ಮಳೆಗಾಲದಲ್ಲಿ ನಮ್ಮೂರಿನ ಚಳಿಗೆ ಬೆರಳು ತಣ್ಣಗಿದ್ದರೆ ಅದು ಸುಳ್ಳೇ ಹೇಳುತ್ತದೆ. ಬೆರಳು ಉಜ್ಜಿ ಬಿಸಿ ಮಾಡಿ, ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಬೇಕು. ಥಟ್ಟನೆ ಎದ್ದು ನಿಲ್ಲಲು ಬಿಡಬಾರದು. ಬಿಪಿ ಇಳಿದು ತಲೆ ಸುತ್ತಿ ಬೀಳುತ್ತಾರೆ.

ಜುಲೈನಲ್ಲಿ ಕರೆಂಟ್ ಹೋಗುವುದು ನಮಗೆ ಮಾಮೂಲು. ಪೇಟೆ ಮಕ್ಕಳಿಗೆ ಆ ಕತ್ತಲೆ, ಶೀಟಿನ ಮೇಲೆ ಸುರಿಯುವ ಮಳೆ, ನೆಟ್‌ವರ್ಕ್ ಇಲ್ಲದ ಫೋನ್, ಎಲ್ಲ ಸೇರಿ ಭಯ ಎರಡು ಪಟ್ಟಾಗುತ್ತದೆ. ಹಾಗಾಗಿ ಒಂದು ಚಾರ್ಜರ್ ಲೈಟ್ ಯಾವಾಗಲೂ ರೆಡಿ ಇಡುತ್ತೇನೆ. ‘ಹೊರಗೆ ಗಾಳಿಗೆ ಹೋಗಿ ಬರ್ತೀನಿ’ ಅಂದರೆ ವರಾಂಡದವರೆಗೆ ಮಾತ್ರ. ತೋಟದಲ್ಲಿ ಆನೆ ಓಡಾಡುತ್ತವೆ, ಕೆರೆಗೆ ಬೇಲಿ ಇಲ್ಲ. ಕಾರಿನ ಕೀಲಿ ನನ್ನ ಹತ್ತಿರ.

ಕಾಫಿ ಕೊಡುವುದಿಲ್ಲ. ಕೊಡಗಿನಲ್ಲಿ ಮನೆಗೆ ಬಂದವರಿಗೆ ಕಾಫಿ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನಮ್ಮವರಿಗೆ ಗೊತ್ತು. ಆದರೆ ಓಡುತ್ತಿರುವ ಎದೆಗೆ ಕೆಫೀನ್ ಬೇಡ. ನೀರು, ಸಕ್ಕರೆ ಹಾಕಿದ ನಿಂಬೆ ಶರಬತ್ತು ಸಾಕು, ಅದೂ ಪೂರ್ತಿ ಎಚ್ಚರ ಇದ್ದರೆ ಮಾತ್ರ. ‘ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ’ ಅನ್ನುವ ಗೆಳೆಯನನ್ನು ಮೊದಲು ಹೊರಗೆ ಕಳಿಸಬೇಕು. ಮದ್ಯದ ಜೊತೆ ಸೇದಿದರೆ ರಕ್ತದಲ್ಲಿ ಟಿಎಚ್‌ಸಿ ಇನ್ನೂ ಏರುತ್ತದೆ. ಯಾರದೋ ಬ್ಯಾಗಿನ ನಿದ್ದೆ ಮಾತ್ರೆಯೂ ಬೇಡ. ಕುಡಿದವರಿಗೆ ಅದು ಉಸಿರನ್ನೇ ನಿಧಾನ ಮಾಡಬಹುದು. ಕೊಡಬೇಕೋ ಬೇಡವೋ ಅಂತ ಡಾಕ್ಟರ್ ನೋಡಿ ಹೇಳಲಿ.

ಕರಿಮೆಣಸು ಅಗಿದರೆ ಇಳಿಯುತ್ತಂತೆ ಅಂತ ಇಂಟರ್ನೆಟ್‌ನಲ್ಲಿ ಓದಿಕೊಂಡು ಬಂದವರು ಮೆಣಸಿನ ಬಳ್ಳಿ ನೋಡಿ ಖುಷಿಪಡುತ್ತಾರೆ! ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ಸಾಬೀತಾದ ಮದ್ದಲ್ಲ ಅದು. ಎರಡು ಕಾಳು ಕೇಳಿದರೆ ಕೊಡುತ್ತೇನೆ. ಖಾರಕ್ಕೆ ಗಮನ ನಾಲಿಗೆಗೆ ಹೋಗುತ್ತದೆ, ಅದೇ ಲಾಭ.

ಉಸಿರಿನದ್ದು ಸ್ವಲ್ಪ ನಾಜೂಕು. ಹೆದರಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ. ಕೈ ಸೊಟ್ಟಗಾಗುವುದೂ ಉಂಟು. ಅದನ್ನು ಲಕ್ವ ಅಂದುಕೊಂಡು ಇನ್ನೂ ಹೆದರುತ್ತಾರೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಾನೂ ಜೊತೆಗೆ ಮಾಡುತ್ತೇನೆ. ಪೇಪರ್ ಕವರ್ ಮೂಗಿಗೆ ಹಿಡಿಯುವುದು ಸಿನಿಮಾದಲ್ಲಿ ಇರಲಿ. ಎದೆಯದ್ದೋ ಶ್ವಾಸಕೋಶದ್ದೋ ನಿಜವಾದ ತೊಂದರೆ ಇದ್ದರೆ ಅದು ಅಪಾಯ. ಕೆಲವರಿಗೆ ಉಸಿರಿನ ಮೇಲೆ ಗಮನ ಇಡು ಅಂದರೆ ಗಾಬರಿ ಹೆಚ್ಚುತ್ತದೆ. ಅಂಥವರ ಮುಂದೆ ಒಂದು ತಟ್ಟೆ ಬೆಳ್ಳುಳ್ಳಿ ಇಡುತ್ತೇನೆ. “ನಾಳೆ ಚಟ್ನಿಗೆ ಬೇಕು, ಸುಲಿದು ಕೊಡು ಮಗಾ.” ಕೈಗೆ ಕೆಲಸ, ಮೂಗಿಗೆ ವಾಸನೆ, ಕಣ್ಣಿಗೆ ಸಣ್ಣ ಗುರಿ. ಹತ್ತು ಎಸಳು ಮುಗಿಯುವಷ್ಟರಲ್ಲಿ ಊರು ಯಾವುದು, ಅಮ್ಮ ಏನು ಅಡುಗೆ ಮಾಡುತ್ತಾರೆ ಅಂತ ಮಾತು ಬರುತ್ತದೆ. ನಮ್ಮ ಮನೆಯಲ್ಲಿ ಸುಲಿದ ಬೆಳ್ಳುಳ್ಳಿ ಜಾಸ್ತಿ ಇದ್ದರೆ ಯಾಕೆ ಅಂತ ಯಜಮಾನರು ಕೇಳುವುದಿಲ್ಲ.

ಹೆಚ್ಚಿನವರಿಗೆ ಇದು ಒಂದು ರಾತ್ರಿಯ ವಿಷಯ. ಎಲ್ಲರಿಗೂ ಅಲ್ಲ. ನಮ್ಮ ಕಡೆಯ ಹುಡುಗನೊಬ್ಬನಿಗೆ ಹಾಸ್ಟೆಲಿನಲ್ಲಿ ಹೀಗಾದ ಮೇಲೆ, ಸೇದುವುದು ಬಿಟ್ಟರೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಒಂದು ಮದುವೆಯಲ್ಲೂ ಬಂತು. ಮತ್ತೆ ಬಂದರೆ ಅನ್ನುವ ಭಯಕ್ಕೆ ಬಸ್ಸನ್ನೇ ಬಿಟ್ಟ. ತನ್ನ ಕೈ ತನ್ನದಲ್ಲ ಅನ್ನಿಸುತ್ತದೆ ಅಂತಲೂ ಹೇಳುತ್ತಿದ್ದ. ಮನೆಯವರು ಗಾಳಿ ಸೋಕಿದೆ ಅಂತ ಪೂಜೆ ಮಾಡಿಸಿದರು. ನಾನು ಬೇಡ ಅನ್ನಲಿಲ್ಲ. ಪೂಜೆ ಆಗಲಿ, ಮಾರನೇ ದಿನ ಮನೋವೈದ್ಯರ ಹತ್ತಿರ ಹೋಗೋಣ ಅಂದೆ. ಅವರು ಪ್ಯಾನಿಕ್ ಡಿಸಾರ್ಡರ್, ಅಂದರೆ ಪದೇ ಪದೇ ಗಾಬರಿ ಏರುವ ಕಾಯಿಲೆ ಅಂದರು. ಮಾತ್ರೆಯ ಜೊತೆ, ಹೆದರುವ ಜಾಗಕ್ಕೆ ಮೆಲ್ಲ ಮೆಲ್ಲಗೆ ಹೋಗಿ ಅಲ್ಲೇ ಇರುವ ಅಭ್ಯಾಸ ಹೇಳಿಕೊಟ್ಟರು. ನನ್ನ ಪಾಲಿಗೆ ಬಂದದ್ದು ಬಸ್ಸು. ಮೊದಲು ನಾಪೋಕ್ಲುವಿನವರೆಗೆ ಅವನ ಪಕ್ಕದ ಸೀಟಿನಲ್ಲಿ, ಆಮೇಲೆ ನಾನು ಹಿಂದಿನ ಸೀಟಿನಲ್ಲಿ, ಆಮೇಲೆ ಅವನೊಬ್ಬನೇ ಮಡಿಕೇರಿಗೆ. ಗಾಬರಿ ಬಂದ ತಕ್ಷಣ ಇಳಿಯಬಾರದು, ಅದು ತಾನಾಗಿ ಇಳಿಯುವವರೆಗೆ ಸೀಟಿನಲ್ಲೇ ಇರಬೇಕು. ಈಗ ಮೈಸೂರಿಗೆ ಹೋಗಿ ಬರುತ್ತಾನೆ.

ದಿನಾ ಸೇದುವವರು ಬೇರೆ ಥರ. ಟೆನ್ಷನ್‌ಗೆ ಸೇದ್ತೀನಿ ಅನ್ನುತ್ತಾರೆ. ಬಿಟ್ಟ ಮೊದಲ ವಾರ ನಿದ್ದೆ ಬರುವುದಿಲ್ಲ, ಸಿಡುಕು, ಚಡಪಡಿಕೆ. ಅದನ್ನೇ ಹಳೆಯ ಟೆನ್ಷನ್ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಒಂದೆರಡು ವಾರ ತಡೆದರೆ ಹೆಚ್ಚಿನದ್ದು ಇಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅನ್ನುವ ಗಂಭೀರ ಮನೋರೋಗ ಇದ್ದರೆ ಮಾತ್ರ ನಾನು ಖಡಾಖಂಡಿತ ಹೇಳುತ್ತೇನೆ: ನಿನಗೆ ಇದು ಬೇಡವೇ ಬೇಡ. ಫೋನಿನಲ್ಲಿ ಮಾತಾಡಬೇಕು ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ.

ಹೋಂಸ್ಟೇಯವರ ಭಯ ಕಾನೂನಿನದು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದಕ್ಕೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಗೊತ್ತಿದ್ದೂ ಜಾಗ ಕೊಟ್ಟರೆ ಮಾಲೀಕರ ಮೇಲೂ ಕೇಸ್ ಆಗಬಹುದು. ಅದಕ್ಕೇ ಬುಕಿಂಗ್ ಆಗುವಾಗಲೇ ‘ನಮ್ಮಲ್ಲಿ ಗಾಂಜಾ ಬೇಡ’ ಅಂತ ಹೇಳಿಬಿಡಿ. ಆದರೆ ಈ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ.

ಯಾಕೆಂದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಬರೀ ಹೆದರಿಕೆ ಇದ್ದಾಗಿನ ಮಾತು. ಎದೆನೋವು ಕೈಗೋ ದವಡೆಗೋ ಹರಿದರೆ, ನಲವತ್ತು ದಾಟಿದವರು ಅಥವಾ ಬಿಪಿ, ಶುಗರ್ ಇದ್ದವರು ಎದೆ ಹಿಡಿದುಕೊಂಡರೆ ನಾನು ಗಡಿಯಾರ ತೋರಿಸುತ್ತಾ ಕೂರುವುದಿಲ್ಲ. ಸೇದಿದ ಮೊದಲ ಗಂಟೆಯಲ್ಲಿ ಹೃದಯಾಘಾತದ ಅಪಾಯ ಏರುತ್ತದೆ ಅಂತ ಅಧ್ಯಯನವೇ ಇದೆ. ಫಿಟ್ಸ್, ಪ್ರಜ್ಞೆ ತಪ್ಪುವುದು, ನಿಲ್ಲದ ವಾಂತಿ, ಸಾಯಬೇಕು ಅನ್ನುವ ಮಾತು, ಮಾರನೇ ದಿನವೂ ಯಾರೋ ಮಾತಾಡಿದ ಹಾಗೆ ಕೇಳುವುದು, ಮಗು ಕುಕೀಸ್ ತಿಂದದ್ದು, ಇವಕ್ಕೂ ಅಷ್ಟೇ. 108ಕ್ಕೆ ಫೋನ್ ಮಾಡಿ. ರಾತ್ರಿ ಮಂಜಿನಲ್ಲಿ ನಮ್ಮ ರಸ್ತೆಗೆ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಅವರಿಗೆ ಹೇಳಿ ನಮ್ಮ ಜೀಪಿನಲ್ಲೇ ಹೊರಟು ದಾರಿಯಲ್ಲಿ ಸೇರಿಕೊಳ್ಳುವುದು ನಮ್ಮ ಕ್ರಮ. ಎಚ್ಚರ ಇಲ್ಲದವರನ್ನು ಒಂದು ಮಗ್ಗುಲಿಗೆ ಮಲಗಿಸಿ ಒಯ್ಯುತ್ತೇವೆ. ಏನು ತಗೊಂಡರು, ಎಷ್ಟು ಗಂಟೆಗೆ, ಜೊತೆಗೆ ಏನು ಕುಡಿದರು, ನಾಡಿ ಎಷ್ಟಿತ್ತು ಅಂತ ಚೀಟಿ ಬರೆದು ಡ್ರೈವರ್ ಕೈಗೆ ಕೊಡುತ್ತೇನೆ. ಗೆಳೆಯರ ಕೈಗೆ ಕೊಟ್ಟರೆ ಅದು ಆಸ್ಪತ್ರೆ ಮುಟ್ಟುವ ಗ್ಯಾರಂಟಿ ಇಲ್ಲ.