ಕಪ್ಪು ಯೂರಿಯಾ: ನಾನು ಬೆರೆಸುವ ಕ್ರಮ

ಯೂರಿಯಾ ಹರಳಿಗೆ ಹ್ಯೂಮಿಕ್ ಆಮ್ಲದ (ಕೊಳೆತ ಸಸ್ಯಾಂಶದಿಂದ ಆಗುವ ಕಪ್ಪು ವಸ್ತು) ಪುಡಿ ಸವರಿದ್ದೇ ಕಪ್ಪು ಯೂರಿಯಾ. ಹ್ಯೂಮಿಕ್ ಹಾಕಿದರೆ ಯೂರಿಯಾ ಅರ್ಧ ಸಾಕು ಅನ್ನುವವರಿಗೆ ನಾನು ಮೂರು ಗಾಜಿನ ಬಾಟಲಿಗಳ ಕಥೆ ಹೇಳುತ್ತೇನೆ. ಮೂರರಲ್ಲೂ ಒಂದೇ ಹೊಲದ ಹದವಾದ ಮಣ್ಣು, ಒಂದೇ ಅಳತೆಯ ಯೂರಿಯಾ. ಮೊದಲನೆಯದರಲ್ಲಿ ಹರಳು ಮಣ್ಣಿನ ಮೇಲೆಯೇ ಬಿದ್ದಿದ್ದವು. ಎರಡನೆಯದರಲ್ಲಿ ಹ್ಯೂಮೇಟ್ (ನೀರಿನಲ್ಲಿ ಕರಗುವ ಹ್ಯೂಮಿಕ್ ಪುಡಿ) ಸವರಿದ ಹರಳು, ಅವೂ ಮಣ್ಣಿನ ಮೇಲೆ. ಮೂರನೆಯದರಲ್ಲಿ ಬರೀ ಯೂರಿಯಾವನ್ನೇ ನಾಲ್ಕು ಬೆರಳು ಆಳಕ್ಕೆ ಹೂತಿದ್ದೆ. ಮುಚ್ಚಳಗಳ ಒಳಮೈಗೆ ಅರಿಶಿನದ ನೀರಿನಲ್ಲಿ ಅದ್ದಿದ ಕಾಗದದ ತುಂಡು ಅಂಟಿಸಿದೆ. ಯೂರಿಯಾದಿಂದ ಏಳುವ ಅಮೋನಿಯಾ ಅನಿಲ ತಾಗಿದರೆ ಅದು ಕೆಂಪಗಾಗುತ್ತದೆ.

ಎರಡನೇ ದಿನ ಮೊದಲ ಬಾಟಲಿಯ ಕಾಗದ ಕೆಂಪುಕಂದು. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರಿಸುವ ಘಾಟು. ಹ್ಯೂಮೇಟ್ ಬಾಟಲಿಯದು ಒಂದು ದಿನ ತಡವಾಗಿ ಕೆಂಪಾಯಿತು. ತಡವಾಗಿ ನಿಜ, ಆದರೆ ಆಯಿತು. ಹೂತಿಟ್ಟಿದ್ದ ಬಾಟಲಿಯ ಕಾಗದ ಮಾತ್ರ ಹಳದಿಯಾಗಿಯೇ ಉಳಿಯಿತು.

ಹಾಗಾಗಿ ನನ್ನ ಲೆಕ್ಕದಲ್ಲಿ ಮಣ್ಣು ಮುಚ್ಚುವುದೇ ಮುಖ್ಯ, ಹ್ಯೂಮಿಕ್ ಅದರ ನಂತರದ್ದು.

ಯಾಕೆ ಹೀಗೆ ಅಂದರೆ, ಯೂರಿಯಾದಲ್ಲಿ ಸಾರಜನಕ 46%. ಹರಳು ಕರಗಿದ ಕೂಡಲೇ ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವ ಅದನ್ನು ಒಡೆಯುತ್ತದೆ. ಆಗ ಹರಳಿನ ಸುತ್ತಲಿನ ಒಂದಿಷ್ಟು ಮಣ್ಣು ಕ್ಷಾರವಾಗಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಏಳುತ್ತದೆ. ಬಿಸಿಲು ಕಾವು, ಸುಣ್ಣದ ಅಂಶದ ಮಣ್ಣು, ಮೇಲೆ ಕೂಳೆ-ಕಸ ಇದ್ದರೆ ನಷ್ಟ ಇನ್ನೂ ಹೆಚ್ಚು. ಹ್ಯೂಮಿಕ್ ಆಮ್ಲದ ಮೈತುಂಬ ಋಣಾವೇಶದ ಕೊಂಡಿಗಳಿವೆ. ಯೂರಿಯಾ ಒಡೆದಾಗ ಮಣ್ಣಿನಲ್ಲಿ ಉಳಿಯುವ ಧನಾವೇಶದ ಅಮೋನಿಯಂ ಅಲ್ಲಿ ಹೋಗಿ ಕಚ್ಚಿಕೊಳ್ಳುತ್ತದೆ. ಯೂರಿಯೇಸ್‌ನ ಓಟವೂ ಸ್ವಲ್ಪ ನಿಧಾನವಾಗುತ್ತದೆ. ಆದರೆ ಆ ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾದ ಮೇಲೆ ಹ್ಯೂಮಿಕ್ ಅದನ್ನು ಹಿಡಿದಿಡಲಾರದು. ನೈಟ್ರೇಟ್ ಕೂಡ ಋಣಾವೇಶದ್ದೇ, ಜೋರು ಮಳೆ ಬಂದರೆ ನೀರಿನ ಜೊತೆ ಬೇರಿನಿಂದಾಚೆ ಇಳಿದುಹೋಗುತ್ತದೆ. ಅದಕ್ಕೆ ಮದ್ದು ಗೊಬ್ಬರವನ್ನು ಕಂತಿನಲ್ಲಿ ಕೊಡುವುದೇ.

ಕೊಳ್ಳುವಾಗ ಪೊಟ್ಯಾಷಿಯಂ ಹ್ಯೂಮೇಟ್ ಎಂದು ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ಲಿಯೊನಾರ್ಡೈಟ್ ಎಂಬ ಕಂದು ಕಲ್ಲಿದ್ದಲಿನ ಜಾತಿಯ ಖನಿಜವನ್ನು ಕ್ಷಾರದಲ್ಲಿ ಕರಗಿಸಿ ಮಾಡುವ ಸರಕು ಅದು. ಕೆಲವರು ಆ ಖನಿಜವನ್ನೇ ನುಣ್ಣಗೆ ಅರೆದು ಮಾರುತ್ತಾರೆ, ಬಣ್ಣ ಎರಡರದ್ದೂ ಕಪ್ಪೇ. ಒಂದು ಲೋಟ ನೀರಿಗೆ ಚಿಟಿಕೆ ಪುಡಿ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಒಳ್ಳೆಯ ಹ್ಯೂಮೇಟ್ ಕಾಫಿ ಡಿಕಾಕ್ಷನ್ ಹಾಗೆ ಕರಗಿರುತ್ತದೆ. ತಳದಲ್ಲಿ ಮಸಿ ಕೂತು ಮೇಲೆ ತಿಳಿನೀರು ನಿಂತರೆ ಅದನ್ನು ಮಣ್ಣಿಗೆ ಹಾಕಿದರೂ ಬೇಗ ಫಲ ಸಿಗದು.

ಇನ್ನು ಬೆರೆಸುವುದು. ನಾನು 50 ಕಿಲೋ ಯೂರಿಯಾಕ್ಕೆ 1 ಕಿಲೋ ಹ್ಯೂಮೇಟ್ ಪುಡಿ ಹಿಡಿಯುತ್ತೇನೆ. ಪೊಟ್ಟಣದ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಒಣ ಟಾರ್ಪಾಲಿನ್ ಮೇಲೆ ಯೂರಿಯಾ ಹರಡಿ, ಸುಮಾರು 300 ಮಿಲಿ ನೀರನ್ನು ಕೈ ಸ್ಪ್ರೇಯರ್‌ನಲ್ಲಿ ಮಂಜಿನಂತೆ ಹೊಡೆಯುತ್ತಾ ಸಲಿಕೆಯಿಂದ ಮಗುಚಬೇಕು. ಹರಳು ಮಿಣಮಿಣ ಅನ್ನಬೇಕು, ಒದ್ದೆಯಾಗಬಾರದು. ಆಗ ಪುಡಿ ಉದುರಿಸಿ, ಪ್ರತಿ ಹರಳೂ ಕಪ್ಪಾಗುವ ತನಕ ಮಗುಚಿ. ಮೊದಲ ಸಲ ನಾನು ತಂಬಿಗೆಯಲ್ಲಿ ನೀರು ಚಿಮುಕಿಸಿದೆ. ಯೂರಿಯಾ ನೀರು ಕಂಡರೆ ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಟಾರ್ಪಾಲಿನ್ ಮೇಲೆ ಕರಿ ಪಾಯಸ. ತಣ್ಣಗೆ ಬೇರೆ, ಯೂರಿಯಾ ಕರಗುವಾಗ ಶಾಖ ಎಳೆದುಕೊಳ್ಳುತ್ತದಲ್ಲ, ಕೈಬೆರಳು ಮರಗಟ್ಟಿದವು. ಆ ಇಡೀ ಚೀಲವನ್ನು ಡ್ರಮ್ಮಿನಲ್ಲಿ ಕದಡಿ ಸಾಲಿಗೆ ಹುಯ್ಯಬೇಕಾಯಿತು. ಮೋಡ ಕವಿದ ತೇವದ ದಿನ ಈ ಕೆಲಸಕ್ಕೆ ಕೂರಬೇಡಿ. ಬೆರೆಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಇಟ್ಟರೆ ಗಟ್ಟಿ ಹೆಂಟೆ.

ಹೊಲಕ್ಕೆ ಹಾಕುವಾಗ ಬುಡದಿಂದ ಒಂದು ಗೇಣು ದೂರದಲ್ಲಿ ಸಾಲಾಗಿ ಸುರಿದು, ಹಿಂದೆಯೇ ಎಡೆಕುಂಟೆ ಹೊಡೆದು ಮುಚ್ಚಿ. ಮುಚ್ಚಲಾಗದಿದ್ದರೆ ಬೆನ್ನಿಗೇ 12 ಮಿಮೀ ಆಸುಪಾಸು ನೀರು ಕೊಡಿ, ಯೂರಿಯಾ ಮೇಲ್ಮಣ್ಣು ದಾಟಿ ಇಳಿಯಲು ಅಷ್ಟು ಬೇಕು. ಬರೀ ಇಬ್ಬನಿ, ತುಂತುರು ಬಿದ್ದು ನಿಂತುಹೋಗುವುದೇ ಎಲ್ಲಕ್ಕಿಂತ ಕೆಟ್ಟದ್ದು: ಹರಳು ಕರಗುತ್ತದೆ, ಒಳಕ್ಕೆ ಇಳಿಯುವುದಿಲ್ಲ.

ಡ್ರಿಪ್ಪಿನಲ್ಲಿ ಕೊಡುವವರು ಹ್ಯೂಮೇಟನ್ನು ಕ್ಯಾಲ್ಸಿಯಂ ನೈಟ್ರೇಟ್ ಜೊತೆ, ಫಾಸ್ಫರಿಕ್ ಆಮ್ಲದ ಜೊತೆ ಒಂದೇ ಟ್ಯಾಂಕಿಗೆ ಹಾಕಬಾರದು. ಹಾಲು ಒಡೆದ ಹಾಗೆ ಒಡೆದು ಕರಿ ಚೂರಾಗುತ್ತದೆ. ನನ್ನ ಫಿಲ್ಟರಿನ ಜಾಲರಿಯಿಂದ ಅದನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಒಂದು ಮಧ್ಯಾಹ್ನ ಹೋಯಿತು. ಗಡಸು ನೀರಿನಲ್ಲೂ ಹೀಗಾಗಬಹುದು, ಆದ್ದರಿಂದ ಮೊದಲು ಅದೇ ನೀರು, ಅದೇ ಗೊಬ್ಬರವನ್ನು ಬಾಟಲಿಯಲ್ಲಿ ಕಲಸಿ ಒಂದು ಗಂಟೆ ನೋಡಿ. ಅಮೋನಿಯಂ ಸಲ್ಫೇಟಿನಂಥ ಗೊಬ್ಬರದ ದ್ರಾವಣವೂ ಬೇಡ. ಹ್ಯೂಮೇಟ್ ದ್ರಾವಣ ಕ್ಷಾರದ್ದು, ಉಳಿಸಲು ಹೊರಟ ಅಮೋನಿಯಾ ಟ್ಯಾಂಕಿನಲ್ಲೇ ಎದ್ದುಹೋದೀತು.

ಮೊದಲ ಬೆಳೆಗೆ ಯೂರಿಯಾ ಪ್ರಮಾಣ ಇಳಿಸಬೇಡಿ. ಹೊಲದ ಉದ್ದಕ್ಕೂ ನಾಲ್ಕು ಸಾಲಿಗೆ ಬರೀ ಯೂರಿಯಾ ಕೊಟ್ಟು, ಗೂಟ ನೆಟ್ಟು, ಎರಡನ್ನೂ ಬೇರೆಬೇರೆ ಕೊಯ್ದು ತೂಗಿ. ನಾನು ಹಾಗೆ ಮಾಡಿದಾಗ ಮರಳು ಮಿಶ್ರಿತ ತಲೆಭಾಗದಲ್ಲಿ ಗೂಟದ ಸಾಲುಗಳ ಕೆಳಗಿನ ಎಲೆ ಬೇಗ ಹಳದಿಗೆ ತಿರುಗಿದವು, ತೂಕವೂ ಕಡಿಮೆ ಬಂತು. ಕೊಟ್ಟಿಗೆ ಗೊಬ್ಬರ ತಿಂದು ತಿಂದು ಕಪ್ಪಾಗಿದ್ದ ಇನ್ನೊಂದು ತುದಿಯಲ್ಲಿ ಯಾವ ಸಾಲು ಯಾವುದೆಂದು ತಿಳಿಯಲು ಗೂಟವನ್ನೇ ಹುಡುಕಬೇಕಾಯಿತು. ಆ ತುದಿಗೆ ಈಗ ಹ್ಯೂಮಿಕ್ ಹಾಕುವುದಿಲ್ಲ.